ಎಪಾಕ್ಸಿ ಪಟ್ಟಿ, ಮೂರನೇ ಸುತ್ತು

ಮೊದಲು ಹೋದ ಸಲ ಬರೆದದ್ದನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ಎಪಾಕ್ಸಿಗೆ, ಅಂದರೆ ಹಾರ್ಡನರ್ ಬೆರೆಸಿದರೆ ಗಟ್ಟಿಯಾಗುವ ರೆಸಿನ್ ಅನ್ನುವ ಅಂಟಿಗೆ, ಶೇ 2 ಫ್ಯೂಮ್ಡ್ ಸಿಲಿಕಾ (ತುಂಬಾ ನುಣ್ಣನೆಯ ಸಿಲಿಕಾ ಪುಡಿ) ಬೆರೆಸಿ ಎರೆದ ಪಟ್ಟಿ ಏನೂ ಬೆರೆಸದ ಸಾದಾ ಪಟ್ಟಿಗಿಂತ ಎಷ್ಟೋ ಬಿಗಿ ಅಂತ ಕುಣಿದಾಡಿದ್ದೆ. ಆಮೇಲೆ ವರ್ನಿಯರ್ ಹಿಡಿದು ನೋಡಿದರೆ ಅದರ ದಪ್ಪ 4.2 ಮಿ.ಮೀ., ಸಾದಾದ್ದು 4! ಅಷ್ಟೇ ತಾನೇ ಅನ್ನಬೇಡಿ. ಬಾಗದೆ ನಿಲ್ಲುವ ಬಿಗಿ ದಪ್ಪದ ಘನದ ಲೆಕ್ಕದಲ್ಲಿ ಏರುತ್ತದೆ, ಹಾಗಾಗಿ ಆ 0.2 ಮಿ.ಮೀ.ನಿಂದಲೇ ಶೇ 16ರಷ್ಟು ಜಾಸ್ತಿ ಬಂದುಬಿಡುತ್ತದೆ. ಸಿಲಿಕಾ ಸುಮ್ನೆ ಹೊಗಳಿಸಿಕೊಂಡಿತ್ತು.

ಈ ಸಲ ಎಲ್ಲವನ್ನೂ ಉಪ್ಪುಕಾಗದದಲ್ಲಿ ಉಜ್ಜಿ 4ಕ್ಕೆ ತಂದೆ. ಉಳಿದದ್ದೆಲ್ಲ ಹಳೆಯದೇ: ಮಂಡ್ಯದ ನಮ್ಮ ಮನೆ ಹಿತ್ತಲು, 64 ಮಿ.ಮೀ. ಅಂತರದಲ್ಲಿ ಎರಡು ಸರಳು, ಮೇಲೆ 10 ಮಿ.ಮೀ. ಅಗಲದ ಪಟ್ಟಿ, ನಡುವೆ ಕೊಕ್ಕೆಗೆ ಬಕೆಟ್, ಅದಕ್ಕೆ ಲೀಟರ್ ಲೆಕ್ಕದಲ್ಲಿ ನೀರು.

5 ಕೆ.ಜಿ.ಗೆ ಸಾದಾ ಪಟ್ಟಿ 1.7 ಮಿ.ಮೀ. ಬಾಗಿತು. ಶೇ 2ರದ್ದು 1.55, ಶೇ 5ರದ್ದು 1.45. ಖುಷಿಯಾಯಿತು. ಮುರಿಯುವವರೆಗೆ ನೀರು ಹಾಕಿದಾಗ ಖುಷಿ ಇಳಿಯಿತು. ಸಾದಾದ್ದು 15 ಕೆ.ಜಿ. ತಡೆಯಿತು, ಶೇ 2ರದ್ದು ಅದಕ್ಕಿಂತ ಸ್ವಲ್ಪ ಮೇಲೆ, ಶೇ 5ರದ್ದು ಮಾತ್ರ 11ಕ್ಕೇ ಟಪ್ ಅಂತ ಹೋಯಿತು, ನನ್ನ ಕಾಲೆಲ್ಲ ನೀರು.

ಶೇ 5ರ ಪಟ್ಟಿಯ ಮುರಿದ ಮುಖವನ್ನು ಭೂತಗನ್ನಡಿಯಲ್ಲಿ ನೋಡಿದೆ. ಕೆಳಅಂಚಿನಲ್ಲಿ, ಅಂದರೆ ಪಟ್ಟಿ ಹಿಗ್ಗುವ ಕಡೆ, ಸಾಸಿವೆಗಿಂತ ಚಿಕ್ಕದೊಂದು ಬಿಳಿ ಸಿಲಿಕಾ ಗಂಟು. ಬಿರುಕು ಅಲ್ಲಿಂದಲೇ ಬೀಸಣಿಗೆ ಥರ ಹರಡಿದೆ. ಸರಿಯಾಗಿ ತಿರುವದ ಮುದ್ದೆಯಲ್ಲಿ ಗಂಟಿನ ಒಳಗೆ ಹಸಿ ಹಿಟ್ಟು ಉಳಿಯುತ್ತದಲ್ವಾ, ಇದೂ ಹಾಗೇ, ರೆಸಿನ್ ಒಳಗೆ ಹೋಗೇ ಇಲ್ಲ. ಈ ಪುಡಿಯ ಒಂದು ಗ್ರಾಂ ಕಣಗಳ ಮೈಯನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು 200 ಚದರ ಮೀಟರ್, ಹೆಚ್ಚುಕಮ್ಮಿ ಎರಡು 30-40 ಸೈಟು. ಅಷ್ಟನ್ನೂ ರೆಸಿನ್ ತೋಯಿಸಬೇಕು. ಕಣಗಳಿಗೋ ಒಂದಕ್ಕೊಂದು ಅಂಟಿಕೊಳ್ಳುವುದೇ ಇಷ್ಟ. ಬಿಗಿ ಅನ್ನುವುದು ಇಡೀ ಪಟ್ಟಿಯ ಲೆಕ್ಕ, ಒಂದೆರಡು ಗಂಟಿಗೆ ಅದು ಕೆಡುವುದಿಲ್ಲ. ಮುರಿತ ಹಾಗಲ್ಲ, ಎಲ್ಲಕ್ಕಿಂತ ಕೆಟ್ಟ ಜಾಗ ಹುಡುಕಿಕೊಂಡು ಹೋಗುತ್ತದೆ.

ಶೇ 5ರ ಮಿಶ್ರಣ ಇಡ್ಲಿ ಹಿಟ್ಟಿಗಿಂತ ಗಟ್ಟಿಯಾಗಿ ಗುಳ್ಳೆಯೂ ಮೇಲೆ ಬರಲಿಲ್ಲ. ಇನ್ನು ಮುಂದೆ ರೆಸಿನ್ ಡಬ್ಬಿಯನ್ನು ಬಿಸಿನೀರಿನಲ್ಲಿಟ್ಟು ತೆಳುವಾದ ಮೇಲೆ ಪುಡಿ, ತಣ್ಣಗಾದ ಮೇಲಷ್ಟೇ ಹಾರ್ಡನರ್. ಪುಡಿ ಗಾಳಿಯಲ್ಲಿ ತೇಲುತ್ತದೆ, ಒಳ್ಳೆ ಮಾಸ್ಕ್ ಇಲ್ಲದೆ ಮುಟ್ಟಬೇಡಿ.

ಭಾವನ ಅಕ್ಕಿ ಮಿಲ್ಲಿನಿಂದ ಒಂದು ಚೀಲ ಹೊಟ್ಟಿನ ಬೂದಿ ಬಂದಿದೆ. ಅದರಲ್ಲೂ ಬಹುಪಾಲು ಸಿಲಿಕಾನೇ, ಕಣ ಮಾತ್ರ ತುಂಬಾ ದಪ್ಪ. ಜರಡಿ ಹಿಡಿದು ಅದೇ ಶೇ 2 ಹಾಕಿ ನೋಡಬೇಕು.