ಹ್ಯಾಂಡ್‌ವಾಶ್ ಪಾಸು, ಲೋಷನ್ ಫೇಲು

'ಇದರಲ್ಲಿ ಕೆಮಿಕಲ್ ಉಂಟಾ?' ಕಾಸರಗೋಡಿನ ಅಂಗಡಿಗಳಲ್ಲಿ ಈ ಪ್ರಶ್ನೆ ಮಾಮೂಲು. ತೆಂಗಿನೆಣ್ಣೆಯೂ ಕೆಮಿಕಲ್ಲೇ. ಹ್ಯಾಂಡ್‌ವಾಶ್, ಲೋಷನ್ ಮಾಡುವ ಕಂಪೆನಿಯ ವಿಷವಿಜ್ಞಾನಿ ಕೇಳುವುದೇ ಬೇರೆ: ದಿನಕ್ಕೆ ಮೈಯೊಳಗೆ ಹೋಗುವುದೆಷ್ಟು?

ಯುರೋಪಿನ ಲೆಕ್ಕದಲ್ಲಿ ಹ್ಯಾಂಡ್‌ವಾಶ್ ಬಳಕೆ ದಿನಕ್ಕೆ 20 ಗ್ರಾಂ. ತೊಳೆದುಹೋಗಿ ಚರ್ಮದ ಮೇಲೆ ಉಳಿಯುವುದು ನೂರರಲ್ಲೊಂದು ಪಾಲು, 0.2 ಗ್ರಾಂ. ಬಾಡಿ ಲೋಷನ್ 7.82 ಗ್ರಾಂ, ಅಷ್ಟೂ ಉಳಿಯುತ್ತದೆ. ಎರಡರಲ್ಲೂ ಕೆಡದಂತೆ ತಡೆಯುವ ಒಂದೇ ಪ್ರಿಸರ್ವೇಟಿವ್ 0.5% ಇದೆ, ಅದರಲ್ಲಿ ಅರ್ಧ ಒಳಸೇರುತ್ತದೆ, ದೇಹದ ತೂಕ 60 ಕಿಲೋ ಎಂದಿಟ್ಟುಕೊಳ್ಳಿ. ಪ್ರಾಣಿಗಳಲ್ಲಿ ಕೆಡುಕು ಕಾಣದ ಗರಿಷ್ಠ ಪ್ರಮಾಣ ದೇಹದ ತೂಕದ ಕಿಲೋಗೆ ದಿನಕ್ಕೆ 30 ಮಿಲಿಗ್ರಾಂ ಆಗಿರಲಿ. ಅದನ್ನು ನಮ್ಮ ತೂಕದ ಕಿಲೋಗೆ ದಿನಕ್ಕೆ ಒಳಸೇರಿದ ಪ್ರಮಾಣದಿಂದ ಭಾಗಿಸಿದರೆ ಹ್ಯಾಂಡ್‌ವಾಶಿಗೆ 3600, ಲೋಷನ್ನಿಗೆ ಬರೀ 92. ಕನಿಷ್ಠ 100 ಬೇಕು.

ಅಲರ್ಜಿ ಈ ಭಾಗಾಕಾರಕ್ಕೆ ಸಿಗುವುದಿಲ್ಲ. ಅದಕ್ಕೆ ಬೇರೆ ಪರೀಕ್ಷೆ. ಹಾಗೆಂದು ಪ್ರಿಸರ್ವೇಟಿವ್ ಕಿತ್ತುಹಾಕಿ 'ನ್ಯಾಚುರಲ್' ಎಂದು ಬರೆಯುವುದು ಇನ್ನೂ ಅಪಾಯ: ನೀರಿರುವ ಬಾಟಲಿಯಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ.

ಇನ್ನು ಬಚ್ಚಲ ನೀರು. ಅದರಲ್ಲಿ ಹರಿದುಹೋಗುವ ರಾಸಾಯನಿಕ ಪರೀಕ್ಷೆಯಲ್ಲಿ 28 ದಿನಗಳೊಳಗೆ 60% ಕೊಳೆತರೆ 'ಸುಲಭವಾಗಿ ಜೈವಿಕವಾಗಿ ಕೊಳೆಯುವ' ಪಟ್ಟ ಸಿಗುತ್ತದೆ. ಆದರೆ ಆ ಪರೀಕ್ಷೆ ನಡೆಯುವುದು ಆಮ್ಲಜನಕ ಇರುವ ಪಾತ್ರೆಯಲ್ಲಿ. ಬಟ್ಟೆಪುಡಿಯಲ್ಲಿ ಕೊಳೆ ತೆಗೆಯುವ ಲಿನಿಯರ್ ಆಲ್ಕೈಲ್ ಬೆಂಜೀನ್ ಸಲ್ಫೋನೇಟ್ ಅಲ್ಲಿ ಚೆನ್ನಾಗಿ ಕೊಳೆಯುತ್ತದೆ, ಗಾಳಿಯಾಡದ ಗುಂಡಿಯಲ್ಲಿ ಅಷ್ಟಾಗಿ ಇಲ್ಲ. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರು ಕುಡಿಯುವ ನಮ್ಮೂರಿನವರು ಈ ವ್ಯತ್ಯಾಸವನ್ನು ಕೇಳಲೇಬೇಕು. ಗೇರುತೋಟಗಳ ಮೇಲೆ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದ ನೆಲ ಇದು. ಬೇಗ ಕೊಳೆಯದೆ ಉಳಿಯುವ ವಿಷಗಳನ್ನು ತಡೆಯುವ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಅದು ಸೇರಿದ್ದು 2011ರಲ್ಲಿ. ಬಾಟಲಿಯಲ್ಲಿ 'ಇಕೋ' ಎಂದಿದ್ದರೆ ಯಾವ ಪರೀಕ್ಷೆ, ಎಷ್ಟು ದಿನ, ಗಾಳಿ ಇತ್ತೋ ಇಲ್ಲವೋ ಎಂದು ಕಂಪೆನಿಗೆ ಬರೆದು ಕೇಳಿ.