ಆಸ್ಟಿನ್‌ನ ಸೌತ್ ಬೈಗೆ ಹೊರಟಿದ್ದೀರಾ? ಮೊದಲು ಮಲಗುವ ಜಾಗ ನೋಡಿಕೊಳ್ಳಿ

ಸೌತ್ ಬೈ ಸೌತ್‌ವೆಸ್ಟ್ ಎಂಬ ಸಂಗೀತ, ಸಿನಿಮಾ, ತಂತ್ರಜ್ಞಾನದ ಉತ್ಸವಕ್ಕೆಂದು ಅಮೆರಿಕದ ಆಸ್ಟಿನ್‌ನಲ್ಲಿ ಇಳಿದ ಮೊದಲ ಸಂಜೆ, ಮೋಟೆಲ್ ಕೌಂಟರಿನಲ್ಲಿ ಬಿಲ್ ನೋಡಿ ನನ್ನ ಎದೆ ಧಸಕ್ಕೆಂದಿತು. ಬುಕ್ ಮಾಡುವಾಗ ತೋರಿಸಿದ್ದ ಬಾಡಿಗೆ ರಾತ್ರಿಗೆ 189 ಡಾಲರ್. ಈಗ ಕೇಳುತ್ತಿದ್ದದ್ದು 250 ಡಾಲರ್ 38 ಸೆಂಟ್. ಐದು ರಾತ್ರಿಗೆ ಲೆಕ್ಕ ಹಾಕಿದರೆ ಮುನ್ನೂರು ಡಾಲರಿಗೂ ಹೆಚ್ಚು ವ್ಯತ್ಯಾಸ.

ಬಿಡಿಸಿ ಹೇಳಿ ಎಂದೆ. ಬಾಡಿಗೆಯ ಮೇಲೆ 25 ಡಾಲರ್ ‘ಸೌಲಭ್ಯ ಶುಲ್ಕ’, ಎರಡೂ ಸೇರಿದ ಮೊತ್ತದ ಮೇಲೆ ಶೇ 17 ಹೋಟೆಲ್ ತೆರಿಗೆ. ತೆರಿಗೆಯ ಬಗ್ಗೆ ನನ್ನ ತಕರಾರಿಲ್ಲ. ಟೆಕ್ಸಸ್ ರಾಜ್ಯಕ್ಕೆ ಶೇ 6, ಆಸ್ಟಿನ್ ನಗರಕ್ಕೆ ಶೇ 11. ಎಂಥ ಕೋಣೆ ಹಿಡಿದರೂ ಕೊಡಲೇಬೇಕು. ನೀವು ಬಜೆಟ್ ಹಾಕುವಾಗ ಕಂಡ ದರಕ್ಕೆ ಅಷ್ಟನ್ನು ಮೊದಲೇ ಸೇರಿಸಿಬಿಡಿ. ಸಿಟ್ಟು ಬಂದದ್ದು ಆ 25 ಡಾಲರಿಗೆ. ಏನು ಸೌಲಭ್ಯ ಎಂದು ಕೇಳಿದರೆ ವೈಫೈ ಮತ್ತು ಊರ ನಡುವಿನ ಡೌನ್‌ಟೌನಿಗೆ ಬಿಡುವ ಶಟಲ್ ವ್ಯಾನ್ ಎಂದರು. ವ್ಯಾನ್ ಎಷ್ಟು ಹೊತ್ತಿಗೆ ಎಂದರೆ, ‘ಈ ವಾರ ಇಲ್ಲ’ ಎಂಬ ಉತ್ತರ. ನಾನು ಆ ಮೋಟೆಲನ್ನು ಆರಿಸಿಕೊಂಡದ್ದೇ ವ್ಯಾನ್ ಇದೆ ಎಂದು.

ಅಲ್ಲಿಗೂ ಮುಗಿಯಲಿಲ್ಲ. ಡಿಪಾಸಿಟ್ ಎಂದು ರಾತ್ರಿಗೆ 100 ಡಾಲರಿನಂತೆ 500 ಡಾಲರನ್ನು ನನ್ನ ಫಾರೆಕ್ಸ್ ಕಾರ್ಡಿನಲ್ಲಿ ತಡೆಹಿಡಿದರು. ಇದು ಕಡಿತವಲ್ಲ, ಬರೀ ತಡೆ. ಕ್ರೆಡಿಟ್ ಕಾರ್ಡ್ ಆಗಿದ್ದರೆ ಮಿತಿಯಲ್ಲಿ ಒಂದಷ್ಟು ಕಡಿಮೆಯಾಗುತ್ತಿತ್ತು, ಅಷ್ಟೇ. ಫಾರೆಕ್ಸ್ ಕಾರ್ಡಿನಲ್ಲಿರುವುದು ನಾವು ತುಂಬಿಸಿಟ್ಟ ನಮ್ಮದೇ ದುಡ್ಡು. ತಡೆ ಬಿದ್ದರೆ ಊಟಕ್ಕೂ ಅದು ಸಿಗುವುದಿಲ್ಲ. ಆ 500 ಡಾಲರ್ ಬಿಡುಗಡೆಯಾದದ್ದು ಕೋಣೆ ಖಾಲಿ ಮಾಡಿದ ಒಂಬತ್ತನೆಯ ದಿನ, ನಾನು ಮನೆಗೆ ಬಂದು ಬಟ್ಟೆ ಒಗೆದು ಮಡಚಿಟ್ಟ ಮೇಲೆ. ಡಿಪಾಸಿಟ್‌ಗೆ ಕ್ರೆಡಿಟ್ ಕಾರ್ಡ್, ಖರ್ಚಿಗೆ ಫಾರೆಕ್ಸ್ ಕಾರ್ಡ್: ಇದನ್ನು ದಯವಿಟ್ಟು ಮರೆಯಬೇಡಿ.

ನಾನು ಹೋದದ್ದು 2024ರ ಮಾರ್ಚ್‌ನಲ್ಲಿ, ಸೌತ್ ಬೈ ಸೌತ್‌ವೆಸ್ಟ್‌ಗೆ. 1987ರಲ್ಲಿ ಸಂಗೀತದ ಉತ್ಸವವಾಗಿ ಶುರುವಾದದ್ದು ಇದು. ಸಿನಿಮಾ ಮತ್ತು ಆಗ ಮಲ್ಟಿಮೀಡಿಯಾ ಎನ್ನುತ್ತಿದ್ದ ತಂತ್ರಜ್ಞಾನದ ವಿಭಾಗಗಳು ಸೇರಿದ್ದು 1994ರಲ್ಲಿ. ಡಿಸೈನ್ ಕೆಲಸದಲ್ಲಿರುವ ನನ್ನಂಥವರು ಹೋಗುವುದು ಈ ತಂತ್ರಜ್ಞಾನದ ಕಡೆಗೆ. ಆದರೆ ಹಾಡುವವರು, ಸಿನಿಮಾದವರು, ನಾವು, ಎಲ್ಲರೂ ಒಂದೇ ಊರಿನಲ್ಲಿ ಒಂದೇ ವಾರ ಮಲಗಲು ಜಾಗ ಹುಡುಕುತ್ತೇವೆ. ಬಾಡಿಗೆ ಹಾಗೆ ಏರುವುದಕ್ಕೆ ಇದೇ ಕಾರಣ. ನಾನು ಜನವರಿಯಲ್ಲಿ ಹುಡುಕಲು ಕೂತೆ, ತೀರಾ ತಡವಾಗಿತ್ತು. ಹಿಂದಿನ ಬೇಸಿಗೆಯಲ್ಲೇ ಹುಡುಕಬೇಕಿತ್ತು.

ಮೋಟೆಲ್ ಇದ್ದದ್ದು ಐ-35 ಹೆದ್ದಾರಿಯ ಪಕ್ಕದ ಸರ್ವಿಸ್ ರಸ್ತೆಯಲ್ಲಿ. ‘ಡೌನ್‌ಟೌನಿಗೆ 10 ನಿಮಿಷ’ ಎಂದು ಬರೆದಿದ್ದರು. ಕಾರಿದ್ದವರಿಗೆ ಅದು ನಿಜ. ನನ್ನ ಬಳಿ ಕಾರಿರಲಿಲ್ಲ. ಬಸ್ ಸ್ಟಾಪಿಗೆ ಮುಕ್ಕಾಲು ಕಿಲೋಮೀಟರ್, ಅದರಲ್ಲಿ ಅರ್ಧ ದೂರ ಫುಟ್‌ಪಾತೇ ಇಲ್ಲ. ಜಲ್ಲಿಕಲ್ಲು, ಒಣಹುಲ್ಲು, ಒಡೆದ ಬಾಟಲಿ ಚೂರು. ಮಾರು ದೂರದಲ್ಲಿ ಲಾರಿಗಳು ಹಾದುಹೋಗುವಾಗ ಲ್ಯಾಪ್‌ಟಾಪ್ ಚೀಲವೇ ಗಾಳಿಗೆ ತಿರುಗುತ್ತಿತ್ತು. ಹಗಲಲ್ಲಿ ಹೇಗೋ ನಡೆದೆ. ರಾತ್ರಿ ಹತ್ತರ ಮೇಲೆ ಒಬ್ಬಳೇ ಆ ದಾರಿಯಲ್ಲಿ ನಡೆಯಲು ಧೈರ್ಯ ಸಾಲಲಿಲ್ಲ. ಟ್ಯಾಕ್ಸಿ ಆ್ಯಪ್ ತೆರೆದರೆ ಹಗಲು 14 ಡಾಲರ್ ತೋರಿಸಿದ್ದ ಅದೇ ದಾರಿಗೆ ಶನಿವಾರ ರಾತ್ರಿ 41 ಡಾಲರ್. ಹಾಗಾಗಿ ಸಂಜೆಯ ಭೇಟಿಗಳನ್ನೆಲ್ಲ ಬಿಟ್ಟು ಏಳೂವರೆಗೇ ವಾಪಸಾಗುತ್ತಿದ್ದೆ. ಅಷ್ಟು ದೂರ ಹಾರಿ ಹೋಗಿ, ಜನರ ಜೊತೆ ಮಾತಾಡಲು ಸಿಗುವ ಹೊತ್ತಿನಲ್ಲಿ ಕೋಣೆ ಸೇರಿದೆನಲ್ಲ ಎಂಬ ನೋವು ಈಗಲೂ ಇದೆ.

ಇದಕ್ಕೆ ಪರಿಹಾರ ಕಂಡದ್ದು ಎರಡನೆಯ ದಿನ, ಕ್ಯೂನಲ್ಲಿ ಪರಿಚಯವಾದ ಪುಣೆಯ ಹುಡುಗಿಯೊಬ್ಬಳಿಂದ. ಅವಳು ಮತ್ತು ಇನ್ನಿಬ್ಬರು ಸೇರಿ ಹೆದ್ದಾರಿಯ ಪೂರ್ವಕ್ಕೆ ಒಂದು ಪುಟ್ಟ ಮನೆ ಹಿಡಿದಿದ್ದರು. ಉತ್ಸವದ ಮುಖ್ಯ ಜಾಗವಾಗಿದ್ದ ಕನ್ವೆನ್ಷನ್ ಸೆಂಟರಿಗೆ ಇಪ್ಪತ್ತು ನಿಮಿಷದ ನಡಿಗೆ, ದಾರಿಯುದ್ದಕ್ಕೂ ದೀಪ, ಜನ. ತಲೆಗೆ ಬಿದ್ದ ಖರ್ಚು ನನ್ನದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಹೋಗುವವರು ಯಾರೆಂದು ಮೊದಲೇ ವಿಚಾರಿಸಿ, ಜೊತೆಗೂಡಿ ಮನೆ ಹಿಡಿಯಿರಿ. ಒಂಟಿ ಕೋಣೆಯೇ ಬೇಕೆಂದಿದ್ದರೆ ಎರಡು ದಿನ ಕಡಿಮೆ ಇದ್ದರೂ ಚಿಂತೆಯಿಲ್ಲ, ನಡೆದು ತಲುಪುವ ಜಾಗದಲ್ಲೇ ಇರಿ. ಇನ್ನೊಂದು ವಿಷಯ: ನಾನು ನೋಡಿದ ಆ ಕನ್ವೆನ್ಷನ್ ಸೆಂಟರ್ 2025ರ ಏಪ್ರಿಲ್‌ನಲ್ಲಿ ಮುಚ್ಚಿತು, ಕೆಡವಿ ಹೊಸದಾಗಿ ಕಟ್ಟುತ್ತಿದ್ದಾರೆ. ಅದು ಏಳುವ ತನಕ ಕಾರ್ಯಕ್ರಮಗಳು ಡೌನ್‌ಟೌನಿನ ಹೋಟೆಲುಗಳಲ್ಲಿ, ಬೇರೆ ಬೇರೆ ಸಭಾಂಗಣಗಳಲ್ಲಿ ಹಂಚಿಹೋಗಿರುತ್ತವೆ. ಹತ್ತಿರ ಇರುವವರಿಗೆ ಈಗ ಇನ್ನೂ ಅನುಕೂಲ.

ಭಾನುವಾರದ ಕಥೆ ಹೇಳಲೇಬೇಕು. ಅಮೆರಿಕದಲ್ಲಿ ಮಾರ್ಚ್ ತಿಂಗಳ ಎರಡನೆಯ ಭಾನುವಾರ ನಸುಕಿನ 2 ಗಂಟೆಗೆ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ. ಸೌತ್ ಬೈ ನಡೆಯುವುದೂ ಹೆಚ್ಚುಕಡಿಮೆ ಅದೇ ಹೊತ್ತಿನಲ್ಲಿ. ಆ ವರ್ಷ ಅದು ಮಾರ್ಚ್ 10. ನನ್ನ ಬಳಿ ಪ್ಲಗ್ ಅಡಾಪ್ಟರ್ ಇದ್ದದ್ದು ಒಂದೇ, ರಾತ್ರಿ ಅದಕ್ಕೆ ಲ್ಯಾಪ್‌ಟಾಪ್ ಚುಚ್ಚಿದ್ದೆ. ಫೋನ್ ಆರಿಹೋಗುತ್ತದೆಂದು ಹಾಸಿಗೆ ಪಕ್ಕದ ಮೇಜಿನ ಮೇಲಿದ್ದ ಕೆಂಪಂಕಿಯ ಗಡಿಯಾರದಲ್ಲಿ 7ಕ್ಕೆ ಅಲಾರಂ ಇಟ್ಟೆ. ಅದು ಕೂಗಿದಾಗ ಊರಿಗೆಲ್ಲ 8 ಆಗಿತ್ತು. ಭಾನುವಾರ ಬಸ್ಸು ಕಡಿಮೆ. ಅಂಗವಿಕಲರೂ ಬಳಸುವಂಥ ವಿನ್ಯಾಸದ ಬಗ್ಗೆ ಒಂದು ಕಾರ್ಯಾಗಾರಕ್ಕೆ ಹೆಸರು ಕೊಟ್ಟಿದ್ದೆ, ನಾನು ಅಷ್ಟು ದೂರ ಹೋದದ್ದಕ್ಕೆ ಮುಖ್ಯ ಕಾರಣವೇ ಅದು. ತಲುಪುವಷ್ಟರಲ್ಲಿ ಬಾಗಿಲು ಮುಚ್ಚಿತ್ತು. ಎರಡು ಅಡಾಪ್ಟರ್ ಒಯ್ಯಿರಿ, ಫೋನಿನಲ್ಲೇ ಅಲಾರಂ ಇಡಿ. ಮನೆಗೆ ಕರೆ ಮಾಡುವ ಹೊತ್ತೂ ಬದಲಾಗುತ್ತದೆ: ಅಲ್ಲಿಯವರೆಗೆ ಭಾರತ ಹನ್ನೊಂದೂವರೆ ಗಂಟೆ ಮುಂದೆ, ಅಂದಿನಿಂದ ಹತ್ತೂವರೆ.

ಬ್ಯಾಡ್ಜ್, ಅಂದರೆ ದುಡ್ಡು ಕೊಟ್ಟು ಕೊಂಡ ಪ್ರವೇಶಪತ್ರ, ಇದ್ದ ಮಾತ್ರಕ್ಕೆ ಕುರ್ಚಿ ಸಿಗುತ್ತದೆ ಎಂದುಕೊಳ್ಳಬೇಡಿ. ನಾನು ಹೋದಾಗ ಮೊದಲು ಬಂದವರಿಗೆ ಮೊದಲು ಜಾಗ. ನನಗೆ ಇದು ಗೊತ್ತಿರದೆ ಮೊದಲ ದಿನ ಐವತ್ತು ನಿಮಿಷ ಸಾಲಿನಲ್ಲಿ ನಿಂತು, ನನ್ನ ಮುಂದೆ ಹತ್ತು ಹನ್ನೆರಡು ಜನ ಇರುವಾಗಲೇ ಸಭಾಂಗಣ ತುಂಬಿತು. ಆ ವರ್ಷ ಮುಂದಿನ ದಿನದ ಕಾರ್ಯಕ್ರಮಗಳಿಗೆ ಬೆಳಿಗ್ಗೆ 9ಕ್ಕೆ ಆ್ಯಪ್‌ನಲ್ಲಿ ಪಾಸು ಬಿಡುತ್ತಿದ್ದರು, ನಿಮಿಷಗಳಲ್ಲಿ ಖಾಲಿ. ನೀವು ಹೋಗುವ ವರ್ಷದ ವ್ಯವಸ್ಥೆ ಏನೆಂದು ಹೊರಡುವ ಮೊದಲೇ ಓದಿಕೊಳ್ಳಿ. ನನಗೆ ಜನಜಂಗುಳಿ ಸೇರುವುದಿಲ್ಲ, ಹಾಗಾಗಿ ನನ್ನ ಮಾತು ಆ ಕಡೆಗೇ ವಾಲುತ್ತದೆ: ದೊಡ್ಡ ಹೆಸರಿನವರ ಹಿಂದೆ ಓಡಬೇಡಿ. ಡಿಸೈನರ್ ಜಾನ್ ಮೇಡಾ 2015ರಿಂದ ಅಲ್ಲಿ ಮಂಡಿಸುತ್ತಾ ಬಂದಿರುವ ಡಿಸೈನ್ ಇನ್ ಟೆಕ್ ವರದಿ, ಭವಿಷ್ಯದ ಬದಲಾವಣೆಗಳನ್ನು ಅಧ್ಯಯನ ಮಾಡುವ ಏಮಿ ವೆಬ್ ಅವರ ತಂತ್ರಜ್ಞಾನದ ಮುನ್ನೋಟದ ವರದಿ, ಇವೆಲ್ಲ ಆಮೇಲೆ ಮನೆಯಲ್ಲಿ ಕೂತು ಓದಲು, ನೋಡಲು ಸಿಗುತ್ತವೆ. ಅದೇ ಹೊತ್ತಿಗೆ ಸಣ್ಣ ಕೋಣೆಗಳು ಅರ್ಧ ಖಾಲಿ ಇರುತ್ತವೆ.

ಮೆಂಟರ್ ಸೆಷನ್ ಎಂದು ಒಂದಿದೆ. ಅನುಭವಿಯೊಬ್ಬರ ಎದುರು ನೀವೊಬ್ಬರೇ ಕೂತು ನಿಮ್ಮ ಕೆಲಸ ತೋರಿಸಬಹುದು. ಇದನ್ನು ಮಾತ್ರ ಬಿಡಬೇಡಿ. ಓದು ಬಾರದವರಿಗಾಗಿ ನಾನು ಮಾಡುತ್ತಿದ್ದ ಆ್ಯಪ್ ತೋರಿಸಿದೆ. ಆಕೆ ಮೊದಲ ಪರದೆಯ ಮೇಲೆ ಬೆರಳಿಟ್ಟು ಗುಂಡಿಗಳನ್ನು ಎಣಿಸಿದರು, ಏಳು. ‘ಇದರಲ್ಲಿ ಅವರಿಗೆ ದಿನಾ ಬೇಕಾದದ್ದು ಯಾವುದು?’ ಎಂದರು. ಎರಡು ಎಂದೆ. ಮಿಕ್ಕ ಐದನ್ನು ತನ್ನ ಅಂಗೈಯಿಂದ ಮುಚ್ಚಿ ಫೋನನ್ನು ನನ್ನ ಕಡೆ ತಿರುಗಿಸಿದರು. ಮುಂದೆ ಮಾತು ಬೇಕಾಗಲಿಲ್ಲ.

ಊಟ. ಡೌನ್‌ಟೌನ್ ಹೋಟೆಲಿನಲ್ಲಿ ಒಂದು ಸ್ಯಾಂಡ್‌ವಿಚ್‌ಗೆ 19 ಡಾಲರ್ ಕೊಟ್ಟು ಹಸಿದುಕೊಂಡೇ ಎದ್ದ ಮೇಲೆ, ಪುಣೆಯ ಹುಡುಗಿ ನನ್ನನ್ನು ಅವಳ ಮನೆ ಹತ್ತಿರದ ಟ್ರೇಲರಿಗೆ ಕರೆದುಕೊಂಡು ಹೋದಳು. ಖಾಲಿ ನಿವೇಶನದಲ್ಲಿ ನಿಂತ ಹಸಿರು ಗಾಡಿ, ಮುಂದೆ ನಾಲ್ಕು ಪ್ಲಾಸ್ಟಿಕ್ ಕುರ್ಚಿ, ಒಳಗೆ ಅಜ್ಜಿಯ ವಯಸ್ಸಿನ ಹೆಂಗಸೊಬ್ಬರು. ಆಸ್ಟಿನ್‌ನವರು ಬೆಳಿಗ್ಗೆ ತಿನ್ನುವುದೇ ಬ್ರೇಕ್‌ಫಾಸ್ಟ್ ಟಾಕೊ, ಟೋರ್ಟಿಯಾ ಎಂಬ ತೆಳು ರೊಟ್ಟಿಯಲ್ಲಿ ಪಲ್ಯ ಇಟ್ಟು ಮಡಚಿದ್ದು. ಬೀನ್ಸ್ ಕಾಳಿನ ಮುದ್ದೆ, ಆಲೂಗಡ್ಡೆ, ಚೀಸ್ ಹಾಕಿದ್ದು ಕೇಳಿದೆ, ಒಂದಕ್ಕೆ ಮೂರೂವರೆ ಡಾಲರ್. ಆಕೆ ಹಂಚಿನ ಮೇಲೆ ಟೋರ್ಟಿಯಾ ಹಾಕಿ, ಉಬ್ಬಿ ಬರುವಾಗ ಬರೀ ಬೆರಳ ತುದಿಯಿಂದ ಮಗುಚಿ, ಕಾಳಿನ ಮುದ್ದೆಯನ್ನು ಅಂಚಿನ ತನಕ ಸವರಿದರು. ಸಣ್ಣಗೆ ಹೆಚ್ಚಿದ ಆಲೂಗಡ್ಡೆ ಒಂದು ಮಗ್ಗುಲು ಕೆಂಪಗೆ ಗರಿಯಾಗಿತ್ತು, ಒಳಗೆ ಬೆಣ್ಣೆಯಂತೆ ಮೆತ್ತಗೆ. ಪಕ್ಕದ ಬಾಟಲಿಯಲ್ಲಿ ತಿಳಿಹಸಿರು ಚಟ್ನಿ. ಹಲಪೇನ್ಯೊ ಮೆಣಸಿನಕಾಯಿ, ಬೆಳ್ಳುಳ್ಳಿ, ಎಣ್ಣೆ ಸೇರಿಸಿ ನುಣ್ಣಗೆ ರುಬ್ಬಿದ್ದು. ಕೆನೆಯಂತೆ ಕಾಣುತ್ತದೆ, ಖಾರ ಆಮೇಲೆ ಕಿವಿಗೆ ಏರುತ್ತದೆ. ಎರಡು ಟಾಕೊ ತಿಂದರೆ ಮಧ್ಯಾಹ್ನ ಎರಡರವರೆಗೆ ಹಸಿವಿನ ಸುಳಿವಿಲ್ಲ. ಉಳಿದ ಮೂರು ದಿನವೂ ಬಸ್ಸಿಳಿದು ಮೊದಲು ಅಲ್ಲಿಗೇ ನಡೆದೆ. ಇಡೀ ಪ್ರವಾಸದಲ್ಲಿ ಕೊಟ್ಟ ದುಡ್ಡಿಗೆ ಪೂರ್ತಿ ಸಮಾಧಾನ ಸಿಕ್ಕ ಜಾಗ ಅದೊಂದೇ.

ಸಸ್ಯಾಹಾರಿಗಳು ಒಂದು ಮಾತು ಕೇಳಿಕೊಳ್ಳಲೇಬೇಕು. ಕಾಳಿನ ಮುದ್ದೆಯನ್ನು ಎಷ್ಟೋ ಕಡೆ ಹಂದಿ ಕೊಬ್ಬಿನಲ್ಲಿ ಹುರಿಯುತ್ತಾರೆ, ಗೋಧಿ ಟೋರ್ಟಿಯಾದ ಹಿಟ್ಟಿಗೂ ಕೆಲವರು ಹಾಕುತ್ತಾರೆ. ಆ ಕೊಬ್ಬಿಗೆ ಸ್ಪ್ಯಾನಿಷ್‌ನಲ್ಲಿ ಮಾಂಟೆಕಾ ಎನ್ನುತ್ತಾರೆ. ‘ಸಿನ್ ಮಾಂಟೆಕಾ?’, ಅಂದರೆ ಮಾಂಟೆಕಾ ಇಲ್ಲದ್ದೇ, ಎಂದು ಕೇಳಿದರೆ ಸಾಕು. ಆ ಹೆಂಗಸು ನಕ್ಕು ಎಣ್ಣೆಯ ಡಬ್ಬ ಎತ್ತಿ ತೋರಿಸಿದರು. ಗೋಧಿ ಟೋರ್ಟಿಯಾದ ಬಗ್ಗೆ ಅನುಮಾನ ಬಂದರೆ ಮೆಕ್ಕೆಜೋಳದ್ದು ಕೇಳಿ.

ಚಿಕ್ಕಪುಟ್ಟವು: ಬೆಳಿಗ್ಗೆ ಚಳಿ, ಮಧ್ಯಾಹ್ನ ಬಿಸಿಲು, ಸಭಾಂಗಣದೊಳಗೆ ಎಸಿ ಕೊರೆತ, ಸ್ವೆಟರ್ ಚೀಲದಲ್ಲೇ ಇರಲಿ. ಮಾರ್ಚ್‌ನಲ್ಲಿ ಓಕ್ ಮರಗಳ ಪರಾಗ ಹಾರಲು ಶುರುವಾಗುತ್ತದೆ, ಅಲರ್ಜಿಯವರು ಮಾತ್ರೆ ಒಯ್ಯಿರಿ. ಬ್ಯಾಡ್ಜಿನ ದುಡ್ಡು ವಾಪಸ್ ಬರುವುದಿಲ್ಲ, ಆದ್ದರಿಂದ ವೀಸಾ ಕೈಸೇರಿದ ಮೇಲೆಯೇ ಕೊಳ್ಳಿ. ಅಮೆರಿಕದೊಳಗೆ ವಿಮಾನ ಬದಲಿಸುವುದಿದ್ದರೆ ಸಾಮಾನ್ಯವಾಗಿ ಮೊದಲು ಇಳಿಯುವ ಊರಿನಲ್ಲೇ ಇಮಿಗ್ರೇಷನ್ ಮುಗಿಸಿ, ಸಾಮಾನು ಇಳಿಸಿಕೊಂಡು ಮತ್ತೆ ಒಪ್ಪಿಸಬೇಕಾಗುತ್ತದೆ. ನಾನು ಲಂಡನ್‌ನಿಂದ ನೇರ ಆಸ್ಟಿನ್‌ಗೆ ಇಳಿದೆ, ಆ ಓಡಾಟ ತಪ್ಪಿತು.

ವಿಮಾನ ನಿಲ್ದಾಣದಿಂದ ಡೌನ್‌ಟೌನಿಗೆ 20ನೇ ನಂಬರಿನ ಬಸ್ಸಿದೆ. ನಾನು ಹೋದಾಗ ಟಿಕೆಟ್ ಒಂದೂಕಾಲು ಡಾಲರ್, ದಿನದ ಪಾಸು ಎರಡೂವರೆ. ಚಾಲಕರು ಚಿಲ್ಲರೆ ವಾಪಸ್ ಕೊಡುವುದಿಲ್ಲ. ಬಂದ ದಿನ ಐದು ಡಾಲರಿನ ನೋಟು ಹಿಡಿದು ನಿಂತಿದ್ದಾಗ ಹಿಂದಿದ್ದ ಮುದುಕರೊಬ್ಬರು ಜೇಬಿನಿಂದ ಐದು ಕ್ವಾರ್ಟರ್ ನಾಣ್ಯ ತೆಗೆದು ನನಗಾಗಿ ಡಬ್ಬಿಗೆ ಹಾಕಿದರು, ನೋಟು ಕೊಡಹೋದರೆ ತೆಗೆದುಕೊಳ್ಳಲಿಲ್ಲ. ವಾಪಸು ಬರುವ ದಿನಕ್ಕೆಂದು ಟ್ರೇಲರಿನಲ್ಲಿ ಸಿಕ್ಕ ಚಿಲ್ಲರೆಯಲ್ಲಿ ಹತ್ತು ಕ್ವಾರ್ಟರ್ ಎತ್ತಿಟ್ಟುಕೊಂಡೆ. ಐದು ನನ್ನ ಟಿಕೆಟಿಗೆ, ಐದು ಹಿಂದೆ ನಿಂತವರಲ್ಲಿ ಯಾರಿಗಾದರೂ ಬೇಕಾದರೆ ಎಂದು.