ಕೌದಿಯ ಹಿಂಬದಿ

ಪಕ್ಕದ ಮನೆಯ ಹಿರಿಯಾಕೆ ನಮ್ಮ ಕೌದಿಯನ್ನು ಮೊದಲ ಬಾರಿಗೆ ಕೈಗೆತ್ತಿಕೊಂಡಾಗ ಅದರ ಬಣ್ಣವನ್ನು ಹೊಗಳಲಿಲ್ಲ, ಹೊಲಿಗೆಯ ಮೇಲೆ ಬೆರಳಾಡಿಸಲೂ ಇಲ್ಲ. ನೇರವಾಗಿ ತಿರುವಿ ಹಾಕಿದರು. ನಾಲ್ಕು ಮೂಲೆಗಳನ್ನೂ ಒಂದೊಂದಾಗಿ ಎತ್ತಿ ನೋಡಿ, ಕನ್ನಡಕ ಸರಿಪಡಿಸಿಕೊಂಡು ಕೇಳಿದರು: "ಇದನ್ನು ಹೊಲಿದವರ ಹೆಸರೆಲ್ಲಿ?"

"ಇದು ನಮ್ಮ ಆಯಿಯದು, ಅಂದರೆ ಅಜ್ಜಿಯದು" ಎಂದೆ.

"ಅಜ್ಜಿಯೇ ಹೊಲಿದದ್ದೇ?"

"ಅಲ್ಲ. ಸೀರೆಗಳು ಅಜ್ಜಿಯವು. ಹೊಲಿದವರು ಬೇರೆ."

"ಯಾರು?"

ನಾನು ಹೆಂಡತಿಯ ಮುಖ ನೋಡಿದೆ. ಆಕೆ ಬೆಳಗಾವಿಯವಳು, ನಮ್ಮ ಮನೆಯ ಕೌದಿಯ ವಂಶಾವಳಿ ಆಕೆಗೇನು ಗೊತ್ತು? ಚಹಾದ ನೆಪ ಮಾಡಿ ಒಳಗೆ ಹೋದಳು.

ನಾವಿರುವುದು ನೆಬ್ರಾಸ್ಕಾ ರಾಜ್ಯದ ಲಿಂಕನ್ ಎಂಬ ಊರಿನಲ್ಲಿ. ಅಮೆರಿಕದ ನಕಾಶೆಯ ನಟ್ಟನಡುವೆ, ಮೆಕ್ಕೆಜೋಳದ ಹೊಲಗಳ ಮಧ್ಯೆ. ಊರಿನಿಂದ ಯಾರಾದರೂ ಬಂದರೆ ತೋರಿಸಲು ಸಮುದ್ರವಿಲ್ಲ, ಬೆಟ್ಟವಿಲ್ಲ. ಇರುವುದು ಕೌದಿಗಳ ವಸ್ತುಸಂಗ್ರಹಾಲಯ. ತಮಾಷೆಯಲ್ಲ, ಇಂಟರ್‌ನ್ಯಾಷನಲ್ ಕ್ವಿಲ್ಟ್ ಮ್ಯೂಸಿಯಂ ಎಂದೇ ಅದರ ಹೆಸರು. 1997ರಲ್ಲಿ ಜೇಮ್ಸ್ ಎಂಬ ದಂಪತಿ ತಾವು ಕೂಡಿಟ್ಟಿದ್ದ ಸುಮಾರು 950 ಕ್ವಿಲ್ಟ್‌ಗಳನ್ನು ಇಲ್ಲಿನ ವಿಶ್ವವಿದ್ಯಾಲಯಕ್ಕೆ ಕೊಟ್ಟರು. 2008ರಲ್ಲಿ ಅವುಗಳಿಗೆಂದೇ ದೊಡ್ಡ ಕಟ್ಟಡ ಎದ್ದಿತು. ನಮ್ಮಲ್ಲಿ ಜೋಳದ ಚೀಲದ ಪಕ್ಕದಲ್ಲಿ ಸುತ್ತಿಡುವ ವಸ್ತುವನ್ನು ಇಲ್ಲಿ ಮಂದ ಬೆಳಕಿನಲ್ಲಿ, ಗೋಡೆಯ ಮೇಲೆ ದೇವರ ಪಟಕ್ಕಿರುವ ಮರ್ಯಾದೆ ಕೊಟ್ಟು ತೂಗು ಹಾಕಿದ್ದಾರೆ.

ಅಂಥ ಊರಿನಲ್ಲಿ ಹೊಲಿಯುವ ಗೀಳು ಹತ್ತದೆ ಇರುವುದು ಕಷ್ಟ. ಮೊದಲು ಹೆಂಡತಿಗೆ ಹತ್ತಿತು, ಅವಳಿಂದ ನನಗೆ. ಶನಿವಾರ ಮಧ್ಯಾಹ್ನ ಪಕ್ಕದ ಮನೆಯ ನೆಲಮಾಳಿಗೆಯಲ್ಲಿ ಕೆಲವರು ಸೇರುತ್ತೇವೆ. ಗಂಡಸು ನಾನೊಬ್ಬನೇ. ಬಾಗಲಕೋಟೆಯ ಪೇಟೆಯಲ್ಲಿ ಹೊಲಿಗೆ ಯಂತ್ರ ತುಳಿಯುವ ದರ್ಜಿಗಳೆಲ್ಲ ಗಂಡಸರೇ ಆಗಿದ್ದುದನ್ನು ನೋಡಿ ಬೆಳೆದವನು ನಾನು, ಯಂತ್ರದ ಮುಂದೆ ಕೂರಲು ಸಂಕೋಚವಾಗಲಿಲ್ಲ. ಸೂಜಿ ಹಿಡಿದು ನೆಲದ ಮೇಲೆ ಕೂರು ಎಂದಿದ್ದರೆ ಯೋಚಿಸುತ್ತಿದ್ದೆನೋ ಏನೋ.

ನಮ್ಮ ಗುಂಪಿನವರು ಮಾಡುವುದು ಹೆಚ್ಚಾಗಿ ಫೌಂಡೇಶನ್ ಪೀಸಿಂಗ್, ಅಂದರೆ ಕಾಗದದ ಮೇಲೆ ಬಟ್ಟೆ ಜೋಡಿಸಿ ಹೊಲಿಯುವ ಪದ್ಧತಿ. ತೆಳುವಾದ ಕಾಗದದ ಮೇಲೆ ವಿನ್ಯಾಸವನ್ನು ಮುದ್ರಿಸಿ, ಪ್ರತಿಯೊಂದು ತುಂಡಿಗೂ ಒಂದು, ಎರಡು, ಮೂರು ಎಂದು ಸಂಖ್ಯೆ ಕೊಟ್ಟಿರುತ್ತಾರೆ. ಬಟ್ಟೆ ಇರುವುದು ಕಾಗದದ ಹಿಂಬದಿಯಲ್ಲಿ, ಹೊಲಿಯುವುದು ಮುಂಬದಿಯ ಗೆರೆಯ ಮೇಲೆ. ಮೊದಲ ತುಂಡಿನ ಮೇಲೆ ಎರಡನೆಯದನ್ನು ಮುಖಕ್ಕೆ ಮುಖ ಹಚ್ಚಿಟ್ಟು ಗೆರೆಗುಂಟ ಹೊಲಿಯಬೇಕು. ಕಾಗದ ಮಡಚಿ, ಕಾಲು ಇಂಚು ಬಿಟ್ಟು ಉಳಿದ ಬಟ್ಟೆಯನ್ನು ಕತ್ತರಿಸಬೇಕು. ಆಮೇಲೆ ತುಂಡನ್ನು ಮಗುಚಿ ಇಸ್ತ್ರಿ ಮಾಡಿ ಮೂರನೆಯದಕ್ಕೆ ಹೋಗಬೇಕು. ಎಲ್ಲವೂ ತಿರುಗುಮುರುಗು. ಕಾಗದದಲ್ಲಿ ಬಲಕ್ಕೆ ಹಾರುವ ಬಾತುಕೋಳಿ ಬಟ್ಟೆಯಲ್ಲಿ ಎಡಕ್ಕೆ ಹಾರುತ್ತದೆ. ಆದರೆ ಅಳತೆಪಟ್ಟಿಯಿಂದ ಎಷ್ಟು ಹೆಣಗಿದರೂ ಬಾರದ ನಕ್ಷತ್ರದ ಚೂಪು ಮೊನೆ ಇದರಲ್ಲಿ ಕೂದಲೆಳೆಯಷ್ಟೂ ತಪ್ಪದೆ ಬರುತ್ತದೆ. ಹೊಲಿಗೆಯ ಉದ್ದವನ್ನು ಎಂದಿನ ಎರಡೂವರೆ ಮಿಲಿಮೀಟರಿನಿಂದ ಒಂದೂವರೆಗೆ ಇಳಿಸುತ್ತಾರೆ. ಸೂಜಿಯ ತೂತುಗಳು ಒತ್ತೊತ್ತಾಗಿ ಬಿದ್ದು, ಕೊನೆಯಲ್ಲಿ ಕಾಗದ ಅಂಚೆಚೀಟಿಯ ಹಾಳೆಯಂತೆ ಗೆರೆಗುಂಟ ಹರಿದು ಬರಲಿ ಎಂದು. ಹರಿಯುವ ಕೆಲಸ ನನ್ನದು. ಅದರಲ್ಲಿ ಗುಂಪಿನ ಯಾರೂ ನನ್ನನ್ನು ಮೀರಿಸಲಾರರು.

ಅವ್ವನಿಗೆ ವಿಡಿಯೊ ಕರೆಯಲ್ಲಿ ಇದನ್ನೆಲ್ಲ ತೋರಿಸಿದಾಗ ಆಕೆ ಕೇಳಿದ್ದು ಒಂದೇ: "ಹೊಸ ಅರಿವೆಯನ್ನೇ ಕತ್ತರಿಸುತ್ತಾರೆಯೇ?" ಹೌದು ಎಂದೆ. ಗಜವೊಂದಕ್ಕೆ ಹತ್ತು ಡಾಲರಿಗಿಂತ ಹೆಚ್ಚು ಎಂಬುದನ್ನು ಹೇಳಲಿಲ್ಲ. ನನ್ನ ಅಭಿಪ್ರಾಯವೂ ಹೆಚ್ಚುಕಡಿಮೆ ಅವ್ವನದೇ. ಹಳತನ್ನು ಉಳಿಸಲು ಹುಟ್ಟಿದ ಕಲೆಗೆ ಈಗ ಹೊಸತನ್ನು ಬಲಿ ಕೊಡುತ್ತಿದ್ದಾರೆ. ಇಲ್ಲಿಯೂ ಹಿಂದೆ ಹೀಗಿರಲಿಲ್ಲ. ಪಕ್ಕದ ಮನೆಯಾಕೆಯ ಬಳಿ ಅವರ ಅಜ್ಜಿ 1930ರ ದಶಕದ ಬಡತನದ ಕಾಲದಲ್ಲಿ ಹೊಲಿದ ಒಂದು ಕ್ವಿಲ್ಟಿನ ಮೇಲ್ಪದರವಿದೆ. ಅರ್ಧಕ್ಕೇ ನಿಂತದ್ದು. ಬೆರಳಗಲದ ಚಿಂದಿಗಳನ್ನು ಹಳೆಯ ಪತ್ರಿಕೆಯ ಹಾಳೆಗಳ ಮೇಲೆ ಹೊಲಿದಿದ್ದಾರೆ, ಕಾಗದವನ್ನು ಇನ್ನೂ ಹರಿದಿಲ್ಲ. ತಿರುವಿದರೆ ಧಾನ್ಯದ ಧಾರಣೆ, ಬೂಟಿನ ಜಾಹೀರಾತು, ಯಾರದೋ ಮದುವೆಯ ಸುದ್ದಿ ಓದಬಹುದು. ಕಾಗದ ಕೊಳ್ಳುವ ಶಕ್ತಿ ಇಲ್ಲದವರ ಫೌಂಡೇಶನ್ ಅದು. ಮುಂಬದಿಗಿಂತ ಹಿಂಬದಿ ಹೆಚ್ಚು ಮಾತಾಡುತ್ತದೆ.

ಹಿಂಬದಿಯನ್ನು ಮೊದಲು ನೋಡುವುದು ಇವರಿಗೆಲ್ಲ ಅಭ್ಯಾಸ. ಮುಗಿದ ಪ್ರತಿಯೊಂದು ಕ್ವಿಲ್ಟಿನ ಹಿಂದೆಯೂ ಅಂಗೈಯಷ್ಟು ಬಿಳಿ ಬಟ್ಟೆಯನ್ನು ಹೊಲಿದು ಯಾರು ಮಾಡಿದರು, ಯಾವ ಊರು, ಯಾವ ವರ್ಷ, ಯಾರಿಗಾಗಿ ಎಂದು ಬರೆಯುತ್ತಾರೆ. ಮೊದಮೊದಲು ನನಗೆ ಇದು ಆಡಂಬರ ಎನಿಸಿತ್ತು. ಆದರೆ ಮ್ಯೂಸಿಯಂನಲ್ಲಿ ನೋಡಿದರೆ ಹಳೆಯ ಎಷ್ಟೋ ಕ್ವಿಲ್ಟ್‌ಗಳ ಕೆಳಗೆ "ಹೊಲಿದವರು ಗೊತ್ತಿಲ್ಲ" ಎಂದೇ ಬರೆದಿರುತ್ತದೆ. ಅಂಥ ಫಲಕದ ಮುಂದೆ ಪಕ್ಕದ ಮನೆಯಾಕೆ ಪ್ರತಿ ಸಲವೂ ತುಟಿ ಬಿಗಿಯುತ್ತಾರೆ.

ಅವರಿಗೆ ಇಷ್ಟವಾದದ್ದು ಅಲಬಾಮಾದ ಜೀಸ್ ಬೆಂಡ್ ಎಂಬ ಹಳ್ಳಿಯ ಕಪ್ಪು ಹೆಂಗಸರ ಕೆಲಸ. ಗುಲಾಮರಾಗಿದ್ದವರ ಮೊಮ್ಮಕ್ಕಳು, ಮರಿಮಕ್ಕಳು ಅವರು. ಹೊಲದಲ್ಲಿ ತೊಟ್ಟು ಮೊಣಕಾಲು ಸವೆದ ಡೆನಿಮ್ ಬಟ್ಟೆಗಳಿಂದ, ಕಾಗದವಿಲ್ಲದೆ, ಅಳತೆಯಿಲ್ಲದೆ ಹೊಲಿದವರು. 2002ರಲ್ಲಿ ಹ್ಯೂಸ್ಟನ್‌ನಲ್ಲಿ, ಆಮೇಲೆ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂನಲ್ಲಿ ಅವುಗಳ ಪ್ರದರ್ಶನವಾಯಿತು. 2006ರಲ್ಲಿ ಅಮೆರಿಕದ ಅಂಚೆ ಇಲಾಖೆ ಅವುಗಳ ಚೀಟಿ ತಂದಿತು. ಪ್ರತಿಯೊಂದರ ಪಕ್ಕದಲ್ಲೂ ಹೆಸರಿದೆ: ಆ್ಯನಿ ಮೇ ಯಂಗ್, ಮೇರಿ ಲೀ ಬೆಂಡಾಲ್ಫ್, ಲೊರೆಟಾ ಪೆಟ್‌ವೇ. ನಮ್ಮ ಕೌದಿ ನೋಡಿದ ಮರುದಿನ ಅವರು ಇನ್ನೊಂದು ಪುಸ್ತಕ ಹೊತ್ತು ತಂದರು. ನೋಡಿದರೆ ಆಫ್ರಿಕಾ ಮೂಲದ ನಮ್ಮ ಸಿದ್ದಿ ಹೆಂಗಸರ ಕವಂದಿ, ಅಂದರೆ ಅವರ ಕೌದಿ! ಅಂಚಿನಿಂದ ಹಿಡಿದು ಸುತ್ತುತ್ತಾ ನಡುವಿನ ಕಡೆಗೆ ಸಾಗುವ ಹೊಲಿಗೆ, ಮೂಲೆಗಳಲ್ಲಿ ಬಟ್ಟೆ ಮಡಚಿ ಕೂರಿಸಿದ ಫೂಲ, ಅಂದರೆ ಹೂವು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಇವರ ಕೆಲಸವನ್ನು ಅಮೆರಿಕಕ್ಕೆ ಪರಿಚಯಿಸಿದವರು. ಅಲ್ಲಿಯೂ ಹೊಲಿದಾಕೆಯ ಹೆಸರಿದೆ. ಹಳಿಯಾಳ, ಯಲ್ಲಾಪುರದ ಜೊತೆಗೆ ಖಾನಾಪುರದ ಕಾಡಿನಲ್ಲಿಯೂ ಸಿದ್ದಿಗಳಿದ್ದಾರೆ ಎಂದಾಗ ಹೆಂಡತಿ ಸುಮ್ಮನೆ ಪುಟ ತಿರುಗಿಸಿದಳು. ಖಾನಾಪುರ ಅವಳ ತವರಿನಿಂದ ಒಂದು ಬಸ್ಸಿನ ದೂರ.

"ನಿಮ್ಮದೂ ಇಂಥದ್ದೇ?" ಎಂದು ಕೇಳಿದರು. ಅಲ್ಲ ಎಂದೆ. ನಮ್ಮದರಲ್ಲಿ ಫೂಲ ಇಲ್ಲ, ಹೆಸರೂ ಇಲ್ಲ.

ಈ ಕೌದಿ ಇಲ್ಲಿಗೆ ಬಂದದ್ದು ಮಗಳು ಹುಟ್ಟಿದಾಗ, ಅವ್ವನ ಚೀಲದಲ್ಲಿ, ಚಟ್ನಿಪುಡಿಯ ಡಬ್ಬಿಗಳು ಒಡೆಯದಂತೆ ಸುತ್ತುವ ಬಟ್ಟೆಯಾಗಿ. ನಡುವೆ ಆಯಿಯ ಇಳಕಲ್ ಸೀರೆಯ ಒಡಲು, ಸುತ್ತಲೂ ಚಿಕ್ಕಿ ಪರಾಸ ಎಂಬ ದಡಿಯ, ಅಂದರೆ ಅಂಚಿನ ಪಟ್ಟಿ. ಹರಿದ ಕುಪ್ಪಸಗಳಿಂದ ಬಿಡಿಸಿಕೊಂಡ ಗುಳೇದಗುಡ್ಡದ ಖಣದ ತುಂಡುಗಳು ಅಲ್ಲಲ್ಲಿ. ಅವುಗಳಲ್ಲಿ ಒಂದೆರಡು ಕಡೆ ತೇರಿನ ಬುಟ್ಟಾ ಇನ್ನೂ ಗುರುತು ಸಿಗುತ್ತದೆ. ಒಳಪದರದಲ್ಲಿ ಮುತ್ತ್ಯಾನ, ಅಂದರೆ ಅಜ್ಜನ ಧೋತರಗಳಿವೆ ಎಂದು ಅವ್ವ ಹೇಳುತ್ತಾಳೆ. ಹತ್ತಿಯ ಹಾಸಿಲ್ಲ, ಧೋತರವೇ ಹಾಸು. ಮಗಳು ಅದರ ಮೇಲೆ ಮಲಗಿಯೇ ಬೆಳೆದಳು.

ಅದನ್ನು ಹೊಲಿದಾಕೆ ನನಗೆ ನೆನಪಿದ್ದಾಳೆ. ಸುಗ್ಗಿ ಮುಗಿದು, ಕಣ ಖಾಲಿಯಾಗಿ, ಬಿಸಿಲು ಏರುವ ಹೊತ್ತಿಗೆ ಊರೂರು ತಿರುಗುವ ಕೌದಿಯವರು ಬರುತ್ತಿದ್ದರು. ಓಣಿಯ ಹೆಂಗಸರು ವರ್ಷವಿಡೀ ಗಂಟು ಕಟ್ಟಿಟ್ಟ ಹಳೆಯ ಅರಿವೆಗಳನ್ನು ಅಂಗಳಕ್ಕೆ ಸುರಿಯುತ್ತಿದ್ದರು. ಆಕೆ ಬೇವಿನ ನೆರಳಿನಲ್ಲಿ ಪದರಗಳನ್ನು ಹಾಸಿ, ಅದರ ಮೇಲೆಯೇ ಕುಳಿತು, ದಪ್ಪ ದಾರದಲ್ಲಿ ಓಡುವ ಹೊಲಿಗೆ ಹಾಕುತ್ತಾ ಸರಿಯುತ್ತಿದ್ದಳು. ಗೆರೆ ಎಳೆದದ್ದನ್ನು ನಾನು ನೋಡಿಲ್ಲ. ಕಣ್ಣೇ ಅಳತೆ. ತುಂಡುಗಳನ್ನು ಮುಂದೆ ಹರವಿಕೊಂಡು ಸ್ವಲ್ಪ ಹೊತ್ತು ಸುಮ್ಮನೆ ನೋಡುತ್ತಿದ್ದಳು. ಆಯಿ "ಬೇಗ ಮಾಡು" ಎಂದು ಗದರಿದರೂ ನೋಡುತ್ತಲೇ ಇರುತ್ತಿದ್ದಳು. ಆಮೇಲೆ ಒಂದು ಕೆಂಪು ಚೂರನ್ನು ಎತ್ತಿ, ನಾವು ಯಾರೂ ಊಹಿಸದ ಕಡೆ ಇಡುತ್ತಿದ್ದಳು. ಕೊನೆಯ ಮೂಲೆಯನ್ನು ಮುಚ್ಚುವ ಮುನ್ನ ಒಣ ರೊಟ್ಟಿಯ ಚೂರು ಕೇಳಿ ಪಡೆದು ಒಳಗಿಟ್ಟು ಹೊಲಿಯುತ್ತಿದ್ದಳು. ಕೌದಿ ಹಸಿದಿರಬಾರದಂತೆ.

ಆಕೆಗೆ ನೀರನ್ನು ಮೇಲಿನಿಂದ ಬೊಗಸೆಗೆ ಹೊಯ್ಯುತ್ತಿದ್ದರು. ಹೊಸ್ತಿಲು ದಾಟಿದ್ದನ್ನು ನಾನು ಕಂಡಿಲ್ಲ. ಆಕೆ ಹೊಲಿದ ಕೌದಿ ಮಾತ್ರ ಸಂಜೆಗೆ ಮನೆಯೊಳಗೆ ಹೋಗಿ ಬಾಣಂತಿಯ ಕೋಣೆಯವರೆಗೂ ನಡೆಯುತ್ತಿತ್ತು. ಚಿಕ್ಕವರಿದ್ದಾಗ ಇದರಲ್ಲಿ ಏನೂ ವಿಚಿತ್ರ ಕಾಣುತ್ತಿರಲಿಲ್ಲ. ದೊಡ್ಡವರಾದ ಮೇಲೆಯೂ ನಾವು ಸಲೀಸಾಗಿ "ಆಯಿಯ ಕೌದಿ" ಎನ್ನುತ್ತೇವೆ, ಅದರ ಬಗ್ಗೆ ಕಣ್ಣು ತುಂಬಿಕೊಂಡು ಮಾತಾಡುತ್ತೇವೆ. ಈಗ ಬೆಂಗಳೂರಿನ ಅಂಗಡಿಗಳಲ್ಲಿ ಕೌದಿ ಸಾವಿರಾರು ರೂಪಾಯಿಗೆ ಮಾರಾಟವಾಗುತ್ತದೆ. ನಾನು ನೋಡಿದ್ದಕ್ಕೆ ಚಂದದ ಚೀಟಿಯೊಂದು ಹೊಲಿದಿತ್ತು, ಅದರ ಮೇಲಿದ್ದದ್ದು ಅಂಗಡಿಯ ಹೆಸರು.

ಅವ್ವನಿಗೆ ಕರೆ ಮಾಡಿದೆ. "ಆ ಕೌದಿಯವಳ ಹೆಸರೇನು?"

"ಕೌದಿಯವಳು."

"ಹೆಸರವ್ವಾ."

ಅವ್ವ ಯೋಚಿಸಿದಳು. ಕೆರೂರಿನ ಕಡೆಯವಳು ಎಂಬುದು ನೆನಪಿತ್ತು. ಬೆರಳಿಗೆ ಟೋಪಿ ಹಾಕದೆ ಹೊಲಿಯುತ್ತಿದ್ದದ್ದು, ಬೆರಳ ತುದಿ ಕಲ್ಲಿನಂತೆ ಗಟ್ಟಿಯಾಗಿದ್ದದ್ದು ನೆನಪಿತ್ತು. ಒಂದು ವರ್ಷ ಕಂಕುಳಲ್ಲಿ ಜ್ವರದ ಕೂಸನ್ನು ಕಟ್ಟಿಕೊಂಡು ಬಂದದ್ದು, ಮರುವರ್ಷ ಕೂಸಿಲ್ಲದೆ ಬಂದದ್ದೂ ನೆನಪಿತ್ತು. ಹೆಸರು ಮಾತ್ರ ಇಲ್ಲ. ಸೋದರತ್ತೆಯನ್ನೂ ಕೇಳಿಸಿದೆ. ಅವರಿಗೆ ಆಕೆಯ ಹಾಡಿನ ದನಿ ಕಿವಿಯಲ್ಲಿದೆಯಂತೆ, ಹೆಸರು ಗೊತ್ತಿಲ್ಲವಂತೆ. ಕೊನೆಗೆ ಅವ್ವನಿಗೆ ಸಿಟ್ಟು ಬಂತು. "ಮನೆ ಕಟ್ಟಿದ ಗೌಂಡಿಯ ಹೆಸರನ್ನು ಗೋಡೆಯ ಮೇಲೆ ಬರೆಯುತ್ತಾರೇನು? ಎಲ್ಲಿಯ ಚಟ ಇದು ನಿನಗೆ?"

"ಪಟ್ಟದಕಲ್ಲಿನಲ್ಲಿ ಬರೆದಿದ್ದಾರಲ್ಲ" ಎಂದೆ. ನಮ್ಮ ಜಿಲ್ಲೆಯದೇ. ಎಂಟನೆಯ ಶತಮಾನದಲ್ಲಿ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ಗುಡಿಯ ಶಾಸನದಲ್ಲಿ ಅದನ್ನು ಕಟ್ಟಿದ ಸೂತ್ರಧಾರಿ ಗುಂಡನ ಹೆಸರಿದೆ, ಅವನಿಗೆ ಕೊಟ್ಟ ಅನಿವಾರಿತಾಚಾರಿ ಎಂಬ ಬಿರುದೂ ಇದೆ. ಶಿಲ್ಪಗಳ ಬಳಿ ಬಲದೇವನಂಥ ಕೆತ್ತನೆಗಾರರ ಹೆಸರುಗಳಿವೆ. ಶಾಲೆಯ ಪ್ರವಾಸದಲ್ಲಿ ಮಾಸ್ತರರು ಅವುಗಳನ್ನು ಬೆರಳಿಟ್ಟು ತೋರಿಸಿದ್ದರು, ನಾವು ಬೆಲ್ಲ, ಶೇಂಗಾ ತಿನ್ನುತ್ತಾ ನೋಡಿದ್ದೆವು.

ಅವ್ವ ಸೋಲುವವಳಲ್ಲ. "ಅದು ಕಲ್ಲು. ಕೌದಿಯನ್ನು ಒಗೆಯುತ್ತೇವೆ" ಎಂದಳು.

ಪಕ್ಕದ ಮನೆಯಾಕೆ ಬಿಳಿ ಬಟ್ಟೆಯ ಚೂರು ಮತ್ತು ಒಗೆದರೂ ಹೋಗದ ಶಾಯಿಯ ಪೆನ್ನು ಕೊಟ್ಟು ಹೋಗಿದ್ದರು. ಹೆಂಡತಿ ಆಯಿಯ ಹೆಸರು ಬರೆಯೋಣ ಎಂದಳು. ಮಗಳು ಇಸ್ತ್ರಿಪೆಟ್ಟಿಗೆ ಹಿಡಿದುಕೊಂಡೇ ಕೇಳಿದಳು: "ಅವರು ಹೊಲಿದೇ ಇಲ್ಲವಲ್ಲ?" ಯಾರೂ ಉತ್ತರ ಕೊಡಲಿಲ್ಲ. ನಾನು ಮೊದಲು ಒಂದು ಕಾಗದದ ಮೇಲೆ ಬರೆದು ನೋಡಿದೆ. ಸೀರೆ ಆಯಿಯದು, ಇಳಕಲ್. ಖಣ ಗುಳೇದಗುಡ್ಡದ್ದು. ಹೊಲಿದವರು ಕೆರೂರಿನ ಕಡೆಯ ಹೆಂಗಸು, ಹೆಸರನ್ನು ನಾವು ಕೇಳಲಿಲ್ಲ. ಕೂಲಿ ಎರಡು ಸೇರು ಜೋಳ.

ಬಟ್ಟೆಗೆ ಇಳಿಸುವ ಮುನ್ನ ಅವ್ವನಿಗೆ ಓದಿ ಹೇಳಿದೆ. ಬೈಗುಳ ಬರುತ್ತದೆ ಎಂದುಕೊಂಡಿದ್ದೆ.

"ಎರಡಲ್ಲ, ನಾಲ್ಕು ಸೇರು" ಎಂದಳು ಅವ್ವ. "ಎರಡು ಸೇರೆಂದು ಮಾತಾಗಿತ್ತು. ಮುಗಿದ ಮೇಲೆ ಆಕೆ ಕೌದಿಯನ್ನು ಹೆಗಲಿಗೆ ಹಾಕಿಕೊಂಡು, ನಾಲ್ಕು ಕೊಡದಿದ್ದರೆ ಒಯ್ಯುತ್ತೇನೆ ಎಂದು ಓಣಿಯ ನಡುವೆ ನಿಂತುಬಿಟ್ಟಳು. ನಿಮ್ಮ ಆಯಿ ಬೈಯುತ್ತಲೇ ಅಳೆದು ಹಾಕಿದರು. ಸರಿಯಾಗಿ ಬರೆ."

ಎರಡನ್ನು ಹೊಡೆದು ನಾಲ್ಕು ಎಂದು ತಿದ್ದಿದೆ.